ಬಿಟ್‌ಕಾಯಿನ್ ಎಲ್ಲಾ ಒಂದೇನಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಾನು ಮನೇಲೇ ಕೂತು ಲೋಗೋ ಡಿಸೈನ್ ಕೆಲಸ ಮಾಡ್ತೀನಿ. ಹೋದ್ ತಿಂಗಳು ಹೊರದೇಶದ ಒಬ್ಬ ಕ್ಲೈಂಟು ಪೇಮೆಂಟ್ ಬಿಟ್‌ಕಾಯಿನಲ್ಲಿ ಕೊಡ್ತೀನಿ ಅಂದ್ರು, ಸರಿ ಅಂತ 0.02 ಬಿಟ್‌ಕಾಯಿನ್ ತಗೊಂಡೆ. ಅದನ್ನ ಕ್ರಿಪ್ಟೋ ಕೊಂಡು ಮಾರೋ ಎಕ್ಸ್‌ಚೇಂಜಿಗೆ ಹಾಕಿದ್ಮೇಲೆ ಡೆಪಾಸಿಟ್ ಹೋಲ್ಡಲ್ಲಿದೆ ಅಂತ ತೋರಿಸ್ತಾ ಇದೆ, ಹೈ ರಿಸ್ಕ್ ಮೂಲದಿಂದ ಬಂದ ಕಾಯಿನ್, ದಾಖಲೆ ಕೊಡಿ ಅಂತ ಮೇಲ್ ಬಂದಿದೆ. ನನ್ನ ಫ್ರೆಂಡ್ ಹೇಳ್ತಾನೆ ಬಿಟ್‌ಕಾಯಿನ್ ಅಂದ್ರೆ ಬಿಟ್‌ಕಾಯಿನ್, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ ಅಂತ. ಹಾಗಾದ್ರೆ ನನ್ನ ಕಾಯಿನ್‌ಗೆ ಏನಾಗಿದೆ?
(ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಸಾಫ್ಟ್‌ವೇರ್ ಮಟ್ಟಿಗೆ ನಿಜ. ಮಾರ್ಕೆಟ್ಟಲ್ಲಿ ಅಷ್ಟು ನಿಜ ಅಲ್ಲ, ನಿಮಗೆ ಬಂದ ಇಮೇಲೇ ಅದಕ್ಕೆ ಸಾಕ್ಷಿ.

ಮೊದ್ಲು ಮನೆ ಮಾತಲ್ಲೇ ನೋಡೋಣ. ಚಿಕ್ಕವಳಿದ್ದಾಗ ಅಮ್ಮ ನನ್ನ ಪಕ್ಕದ್ಮನೆಗೆ ಒಂದ್ ಲೋಟ ಸಕ್ಕರೆ ಕಡ ತರೋಕೆ ಕಳಿಸ್ತಿದ್ರು, ನಾಲ್ಕು ದಿನ ಬಿಟ್ಟು ಅಂಗಡಿಯಿಂದ ತಂದ ಸಕ್ಕರೇಲಿ ಅದೇ ಲೋಟ ತುಂಬಿಸಿ ವಾಪಸ್ ಕೊಟ್ಟು ಬರ್ತಿದ್ದೆ. ಅವರು ಕೊಟ್ಟಿದ್ದ ಸಕ್ಕರೆ ಅಷ್ಟೊತ್ತಿಗೆ ಕಾಫಿಗೆ ಬಿದ್ದು ಹೋಗಿರ್ತಿತ್ತು, ಯಾರೂ ಅದೇ ಕಾಳು ವಾಪಸ್ ಕೊಡಿ ಅಂತ ಕೇಳಲ್ಲ. ಆದ್ರೆ ಪಕ್ಕದ್ಮನೆ ಎಮ್ಮೆನ ಒಂದಿನಕ್ಕೆ ಹೊಡ್ಕೊಂಡು ಬಂದ್ರೆ ಅದೇ ಎಮ್ಮೆ ವಾಪಸ್ ಹೋಗ್ಬೇಕು. ದುಡ್ಡು ಸಕ್ಕರೆ ಥರ ಇರ್ಬೇಕು, ಎಮ್ಮೆ ಥರ ಇರಬಾರದು. ಇದನ್ನ ಫಂಜಿಬಿಲಿಟಿ ಅಂತಾರೆ, ಅಂದ್ರೆ ಒಂದರ ಜಾಗಕ್ಕೆ ಇನ್ನೊಂದನ್ನ ಇಟ್ರೂ ಯಾರಿಗೂ ಲಾಭ ನಷ್ಟ ಇಲ್ಲ ಅನ್ನೋ ಗುಣ.

ಈಗ ನಿಮ್ಮ ವಾಲೆಟ್ ಒಳಗೆ ನೋಡಿ. ಉದಾಹರಣೆಗೆ ಬ್ಯಾಲೆನ್ಸ್ 0.05 ಅಂತ ಒಂದೇ ನಂಬರ್ ಕಾಣುತ್ತೆ, ಆದ್ರೆ ಒಳಗಡೆ ಅದು ಬೇರೆ ಬೇರೆ ತುಂಡುಗಳು. ಒಂದು ಸಲ 0.02 ಬಂದಿದ್ರೆ ಅದೊಂದು ತುಂಡು, ಇನ್ನೊಂದ್ ಸಲ 0.03 ಬಂದಿದ್ರೆ ಅದು ಬೇರೆ ತುಂಡು. ನೀವು ಯಾರಿಗಾದ್ರೂ 0.04 ಕಳಿಸ್ಬೇಕಂದ್ರೆ ವಾಲೆಟ್ಟು ಆ ಎರಡೂ ತುಂಡನ್ನ ಒಟ್ಟಿಗೆ ಕರಗಿಸಿ 0.04ರ ಹೊಸ ತುಂಡು ಅವರಿಗೆ ಕಳಿಸುತ್ತೆ, ವ್ಯವಹಾರ ದಾಖಲಿಸೋರಿಗೆ ಕೊಡೋ ಮೈನರ್ ಫೀಸ್ ಕಳೆದು ಉಳಿದ ಸುಮಾರು 0.01 ಚಿಲ್ಲರೆ ಥರ ನಿಮಗೇ ವಾಪಸ್ ಬರುತ್ತೆ. ಪ್ರತಿ ತುಂಡೂ ಯಾವ ಹಳೆ ತುಂಡುಗಳಿಂದ ಹುಟ್ಟಿದ್ದು ಅನ್ನೋದು ಬ್ಲಾಕ್‌ಚೈನ್ ಅನ್ನೋ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತೆ, 2009ರ ಜನವರಿ 3ರ ಮೊದಲನೇ ಬ್ಲಾಕಿಂದ ಇವತ್ತಿನ ತನಕ ಎಲ್ಲಾ ಬಹಿರಂಗ, ಯಾರು ಬೇಕಾದ್ರೂ ತೆಗೆದು ನೋಡ್ಬಹುದು. ಹೆಸರು ಇರಲ್ಲ, ಅಡ್ರೆಸ್ ಮಾತ್ರ ಇರುತ್ತೆ, ಆದ್ರೆ ಯಾವ ಅಡ್ರೆಸ್ ಯಾರದ್ದು ಅಂತ ಜೋಡಿಸೋದೇ ದಂಧೆ ಮಾಡ್ಕೊಂಡಿರೋ ಎಲಿಪ್ಟಿಕ್, ಚೈನಾಲಿಸಿಸ್ ಥರದ ಕಂಪನಿಗಳು ಹತ್ತು ವರ್ಷಕ್ಕಿಂತ ಹಿಂದಿನಿಂದ ಇವೆ. ಎಕ್ಸ್‌ಚೇಂಜುಗಳು ಇಂಥ ಸಾಫ್ಟ್‌ವೇರ್ ಇಟ್ಕೊಂಡು ಬರೋ ಪ್ರತಿ ತುಂಡಿಗೂ ಒಂದು ಸ್ಕೋರ್ ಹಾಕ್ತವೆ. ನಿಮ್ಮ 0.02ಕ್ಕೆ ಆ ಸ್ಕೋರ್ ಕೆಟ್ಟದಾಗಿ ಬಂದಿದೆ, ಅಷ್ಟೇ ವಿಷಯ.

ಆ ಸ್ಕೋರನ್ನ ಹೆಂಗೆ ಹಾಕ್ತಾರೆ ಅಂತ ಕೇಳಿದ್ರೆ ಯಾರಿಗಾದ್ರೂ ಯೋಚನೆ ಶುರುವಾಗುತ್ತೆ. ಒಂದು ಲೆಕ್ಕ ತಗೊಳ್ಳಿ. ಒಬ್ಬರ ಹತ್ರ ಮೊದ್ಲು ಕಳ್ಳತನದ 0.1 ಬಂತು, ಆಮೇಲೆ ದುಡಿದ 0.9 ಬಂತು, ಎರಡೂ ಸೇರಿ 1 ಆಯ್ತು. ಆಮೇಲೆ ಅವರು ಮೊದ್ಲು 0.1 ನಿಮಗೆ ಕೊಟ್ರು, ಉಳಿದ 0.9 ನನಗೆ ಕೊಟ್ರು. ಯಾರ ಪಾಲು ಕಳ್ಳ ಮಾಲು? ವಿಷದ ತೊಟ್ಟು ಬಿದ್ದ ಟ್ಯಾಂಕಿನ ನೀರೆಲ್ಲಾ ವಿಷ ಅನ್ನೋ ಲೆಕ್ಕ ಹಿಡಿದ್ರೆ ಇಬ್ಬರದ್ದೂ ಪೂರ್ತಿ ಕೊಳೆ. ಸಮವಾಗಿ ಹಂಚಿ ಹೋಗಿದೆ ಅನ್ನೋ ಲೆಕ್ಕದಲ್ಲಿ ಇಬ್ಬರಿಗೂ ಶೇಕಡ 10 ಕೊಳೆ. ಮೊದಲು ಒಳಗೆ ಬಂದಿದ್ದೇ ಮೊದಲು ಹೊರಗೆ ಹೋಯ್ತು ಅನ್ನೋ ಲೆಕ್ಕ ಹಾಕಿದ್ರೆ ನಿಮ್ಮದು ಪೂರ್ತಿ ಕಳ್ಳ ಮಾಲು, ನನ್ನದು ಪೂರ್ತಿ ಶುದ್ಧ. ಈ ಮೂರನೇ ಲೆಕ್ಕ ಹೊಸದೇನಲ್ಲ, 1816ರಲ್ಲಿ ಇಂಗ್ಲೆಂಡಿನ ಕ್ಲೇಟನ್ ಕೇಸ್ ಅನ್ನೋ ಬ್ಯಾಂಕ್ ತಗಾದೆಯಲ್ಲಿ ಬಂದ ನಿಯಮ ಅದು, ಬಿಟ್‌ಕಾಯಿನಿಗೂ ಅದನ್ನೇ ಹಾಕಿ ಅಂತ 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ರಾಸ್ ಆಂಡರ್ಸನ್ ಮತ್ತವರ ಜೊತೆಗಾರರು ವಾದ ಮಾಡಿದ್ರು. ನೋಡಿ, ತುಂಡು ಅದೇ, ಚರಿತ್ರೆ ಅದೇ, ಆದ್ರೆ ಲೆಕ್ಕ ಹಾಕೋರು ಬದಲಾದ್ರೆ ನೀವು ಕಳ್ಳ ಮಾಲು ಇಟ್ಕೊಂಡೋರೂ ಆಗ್ಬಹುದು, ಏನೂ ಸಂಬಂಧ ಇಲ್ಲದೋರೂ ಆಗ್ಬಹುದು. ಒಂದು ಎಕ್ಸ್‌ಚೇಂಜ್ ತಳ್ಳಿದ ಕಾಯಿನನ್ನ ಇನ್ನೊಂದು ಎಕ್ಸ್‌ಚೇಂಜ್ ಕಣ್ಮುಚ್ಕೊಂಡು ತಗೊಳ್ಳೋದಕ್ಕೂ ಇದೇ ಕಾರಣ. ನನಗೆ ಇದು ನಿಜಕ್ಕೂ ಅನ್ಯಾಯ ಅನ್ಸುತ್ತೆ, ಯಾಕಂದ್ರೆ ದುಡ್ಡು ತಗೊಳ್ಳೋ ಟೈಮಲ್ಲಿ ನಿಮಗೆ ಈ ಸ್ಕೋರ್ ನೋಡೋ ಸುಲಭದ ದಾರಿ ಇರ್ಲಿಲ್ಲ.

ಹಾಗಂತ ಈ ಹುಡುಕಾಟ ಸುಮ್ನೆ ಕಿರುಕುಳ ಅಂತ ತಳ್ಳಿ ಹಾಕೋಕೂ ನನಗೆ ಮನಸ್ಸಿಲ್ಲ. 2016ರ ಆಗಸ್ಟಲ್ಲಿ ಬಿಟ್‌ಫಿನೆಕ್ಸ್ ಅನ್ನೋ ಎಕ್ಸ್‌ಚೇಂಜಿಂದ 1,19,756 ಬಿಟ್‌ಕಾಯಿನ್ ಕಳುವಾಯ್ತು, ಜನರ ದುಡ್ಡು ಅದು. ಬಹುಪಾಲು ಕಾಯಿನು ವರ್ಷಗಟ್ಟಲೆ ಅಲುಗಾಡದೆ ಬಿದ್ದಿತ್ತು, ಅಲುಗಿಸಿದ್ರೆ ಜಗತ್ತೆಲ್ಲಾ ನೋಡುತ್ತೆ ಅಂತ. 2022ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ 94,000ಕ್ಕಿಂತ ಹೆಚ್ಚು ಕಾಯಿನ್ ವಶಕ್ಕೆ ತಗೊಂಡಿದ್ದು ಈ ಜಾಡು ಹಿಡಿದೇ. ಎಲ್ಲಾ ಕಾಯಿನೂ ಸಕ್ಕರೆ ಥರ ಬೆರೆತು ಹೋಗ್ತಿದ್ರೆ ಅದು ಸಿಕ್ತಿತ್ತಾ? ಕಷ್ಟ ಇತ್ತು.

ಇನ್ನೊಂದು ಕಥೆನೂ ಕೇಳಿ. 2013ರಲ್ಲಿ ಸಿಲ್ಕ್ ರೋಡ್ ಅನ್ನೋ ಡ್ರಗ್ಸ್ ಮಾರೋ ಸೈಟ್ ಮುಚ್ಚಿಸಿದಾಗ ಅಮೆರಿಕ ಸರ್ಕಾರ ಅಲ್ಲಿನ ಬಿಟ್‌ಕಾಯಿನ್ ಜಪ್ತಿ ಮಾಡ್ತು, 2014ರ ಜೂನಲ್ಲಿ ಸುಮಾರು 30,000 ಕಾಯಿನ್ ಹರಾಜು ಹಾಕ್ತು, ಟಿಮ್ ಡ್ರೇಪರ್ ಅನ್ನೋ ಹೂಡಿಕೆದಾರರು ಅಷ್ಟನ್ನೂ ಕೊಂಡ್ರು. ಜಗತ್ತಲ್ಲಿ ಅದಕ್ಕಿಂತ ಕೊಳಕು ಮೂಲದ ಕಾಯಿನ್ ಹುಡುಕಿದ್ರೂ ಸಿಗ್ತಿರ್ಲಿಲ್ಲ, ಆದ್ರೆ ಸರ್ಕಾರದ ಹರಾಜಿಂದ ಬಂತು ಅನ್ನೋ ಕಾರಣಕ್ಕೆ ಯಾರೂ ಅದನ್ನ ಬೇಡ ಅನ್ನಲ್ಲ. ಚೈನ್ ಮೇಲೆ ಬರೆದಿರೋ ಹಳೇ ಚರಿತ್ರೆ ಒಂದಕ್ಷರವೂ ಅಳಿಸಿಲ್ಲ, ಬದಲಾಗಿದ್ದು ತಗೊಳ್ಳೋರ ಕಣ್ಣು.

ಈಗ ನೀವು ಮಾಡ್ಬೇಕಾದ್ದು: ಕ್ಲೈಂಟಿಗೆ ಕೊಟ್ಟ ಇನ್ವಾಯ್ಸು, ಕೆಲಸದ ಮಾತುಕತೆಯ ಮೇಲ್, ಡಿಸೈನ್ ಫೈಲ್ ಕಳಿಸಿದ ದಿನಾಂಕ, ಟ್ರಾನ್ಸಾಕ್ಷನ್ ಐಡಿ ಇಷ್ಟನ್ನೂ ಎಕ್ಸ್‌ಚೇಂಜಿಗೆ ಕೊಡಿ. ಕ್ಲೈಂಟ್ ಆ ಕಾಯಿನ್ ಎಲ್ಲಿ ಕೊಂಡಿದ್ದು ಅಂತ ಅವರ ಕಡೆಯಿಂದ ಒಂದು ಸ್ಕ್ರೀನ್‌ಶಾಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು. 2023ರ ಮಾರ್ಚಿಂದ ನಮ್ಮ ದೇಶದಲ್ಲಿ ಕ್ರಿಪ್ಟೋ ಎಕ್ಸ್‌ಚೇಂಜುಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಅಡಿ ಬಂದಿವೆ, ಅನುಮಾನ ಬಂದ ವ್ಯವಹಾರವನ್ನ ಅವರು ಫೈನಾನ್ಶಿಯಲ್ ಇಂಟೆಲಿಜೆನ್ಸ್ ಯುನಿಟ್ಟಿಗೆ ತಿಳಿಸಲೇಬೇಕು, ಹಾಗಾಗಿ ಸಪೋರ್ಟಲ್ಲಿ ಕೂತ ಹುಡುಗ ಹುಡುಗಿಯರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಈ ಸಂಪಾದನೆಯನ್ನ ಐಟಿ ರಿಟರ್ನ್ಸಲ್ಲೂ ತೋರಿಸಿ, ನಿಮ್ಮ ಕಾಗದ ಗಟ್ಟಿಯಾಗುತ್ತೆ. ಮುಂದೆ ಇಂಥ ಪೇಮೆಂಟ್ ಬಂದ್ರೆ ಹಳೇ ಉಳಿತಾಯದ ತುಂಡುಗಳ ಜೊತೆ ಸೇರಿಸ್ಬೇಡಿ. ಕಾಯಿನ್ ಕಂಟ್ರೋಲ್ ಅನ್ನೋ ಆಪ್ಷನ್ ಇರೋ ವಾಲೆಟ್ಟಲ್ಲಿ ಯಾವ ತುಂಡು ಖರ್ಚು ಮಾಡ್ಬೇಕು ಅಂತ ನೀವೇ ಆರಿಸ್ಬಹುದು, ಒಂದು ಸಲ ಕರಗಿಸಿ ಬೆರೆಸಿದ್ರೆ ಮಾತ್ರ ಬೇರೆ ಮಾಡೋಕಾಗಲ್ಲ.

ಪ್ರಶ್ನೆ: ನೋಟಿಗೂ ನಂಬರ್ ಇರುತ್ತಲ್ಲ ಮೇಡಂ? 500ರ ನೋಟು ಯಾರ್ಯಾರ ಕೈ ದಾಟಿ ಬಂದಿರುತ್ತೋ ಏನೋ, ಲಂಚದ್ದೂ ಇರ್ಬಹುದು. ಅದನ್ನ ಯಾರೂ ಕೇಳಲ್ಲ, ಬಿಟ್‌ಕಾಯಿನಿಗೆ ಮಾತ್ರ ಯಾಕೆ ಈ ಮಡಿ?
(ಮೈಸೂರಿನ ಓದುಗರು)

ಉತ್ತರ: ಬಹಳ ಒಳ್ಳೆ ಪ್ರಶ್ನೆ, ಇದೇ ಪ್ರಶ್ನೆ ಮೇಲೆ ಸುಮಾರು 275 ವರ್ಷದ ಹಿಂದೆ ಸ್ಕಾಟ್ಲೆಂಡಲ್ಲಿ ಕೇಸ್ ನಡೆದಿದೆ. ಹ್ಯೂ ಕ್ರಾಫರ್ಡ್ ಅನ್ನೋರು 20 ಪೌಂಡಿನ ಎರಡು ನೋಟು ಅಂಚೆಯಲ್ಲಿ ಕಳಿಸಿದ್ರು. ಹುಷಾರಿನ ಮನುಷ್ಯ, ನಂಬರ್ ಬರೆದಿಟ್ಕೊಂಡು ನೋಟಿನ ಮೇಲೆ ಸಹಿನೂ ಹಾಕಿದ್ರು. ನೋಟು ದಾರೀಲಿ ಕಳುವಾಯ್ತು, ಆಮೇಲೆ ಅದ್ರಲ್ಲಿ ಒಂದು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಕೈಗೆ ಬಂತು. ನನ್ನ ಸಹಿ, ನನ್ನ ನಂಬರ್, ನನ್ನ ನೋಟು ವಾಪಸ್ ಕೊಡಿ ಅಂತ ಅವರು ಕೇಸ್ ಹಾಕಿದ್ರು. ಕಳುವಾದ ಎಮ್ಮೆ ಆಗಿದ್ರೆ ಕೋರ್ಟು ಖಂಡಿತ ವಾಪಸ್ ಕೊಡಿಸ್ತಿತ್ತು. ಆದ್ರೆ 1749ರಲ್ಲಿ ಕೋರ್ಟು ಬ್ಯಾಂಕಿನ ಕಡೆ ತೀರ್ಪು ಕೊಡ್ತು. ನೋಟು ತಗೊಳ್ಳೋ ಪ್ರತಿಯೊಬ್ಬರೂ ಅದರ ಪೂರ್ವಾಪರ ವಿಚಾರಿಸ್ಬೇಕು ಅಂತಾದ್ರೆ ಯಾರೂ ನೋಟೇ ಮುಟ್ಟಲ್ಲ, ವ್ಯಾಪಾರ ನಿಂತು ಹೋಗುತ್ತೆ, ಅದಕ್ಕೇ ಪ್ರಾಮಾಣಿಕವಾಗಿ ತಗೊಂಡವರಿಗೇ ಅದು ಸೇರ್ಬೇಕು ಅನ್ನೋ ಯೋಚನೆ. ಒಂಬತ್ತು ವರ್ಷ ಆದ್ಮೇಲೆ, 1758ರಲ್ಲಿ, ಲಂಡನ್ನಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೂಡ ಮಿಲ್ಲರ್ ಮತ್ತು ರೇಸ್ ಕೇಸಲ್ಲಿ ಇದೇ ಮಾತು ಎತ್ತಿ ಹಿಡಿದ್ರು, ಅಲ್ಲಿ ಟಪ್ಪಾಲು ಗಾಡಿ ದರೋಡೆಯಲ್ಲಿ ಹೋದ ನೋಟನ್ನ ಒಬ್ಬ ವಸತಿಗೃಹದ ಯಜಮಾನ ಗೊತ್ತಿಲ್ಲದೆ ತಗೊಂಡಿದ್ದ.

ಅಂದ್ರೆ ನೋಟಿಗೆ ನಂಬರ್ ಇದ್ರೂ ಅದನ್ನ ನೋಡ್ದೆ ತಗೊಳ್ಳೋ ಹಕ್ಕನ್ನ ಕಾನೂನು ನಮಗೆ ಕೊಟ್ಟಿದೆ. ಕಾಗದ ಒಂದೇ ಥರ ಇದೆ ಅಂತ ಸಿಕ್ಕಿದ ಗುಣ ಅಲ್ಲ ಇದು, ಬೇಕು ಅಂತ ಮಾಡ್ಕೊಂಡ ವ್ಯವಸ್ಥೆ. ಜನ ಅದನ್ನ ಒಪ್ಪದೇ ಹೋದ್ರೆ ಕಾನೂನಿದ್ರೂ ನಡೆಯಲ್ಲ, 10 ರೂಪಾಯಿ ನಾಣ್ಯದ ಕಥೆ ನಿಮಗೆ ಗೊತ್ತೇ ಇದೆ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಅಂತ ಯಾರೋ ಹಬ್ಬಿಸಿದ್ರು, ಹದಿನಾಲ್ಕು ಡಿಸೈನೂ ಅಸಲಿನೇ ಅಂತ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಸ್ಪಷ್ಟ ಹೇಳ್ತು, ಆದ್ರೂ ನಮ್ಮೂರ ಸಂತೇಲಿ ಸೊಪ್ಪು ಮಾರೋ ಅಜ್ಜಿ "ಇದು ನಡಿಯಂಗಿಲ್ಲ ಕಣವ್ವ, ನೋಟಿದ್ರೆ ಕೊಡು" ಅಂತ ನನ್ನ ಅಂಗೈ ಮೇಲಿದ್ದ ನಾಣ್ಯ ವಾಪಸ್ ಮಡಚಿಸಿ ಕಳಿಸಿದ್ದಾಳೆ. ಅಜ್ಜಿದು ತಪ್ಪಿಲ್ಲ, ಆಕೆಗೆ ಸಾಮಾನು ಕೊಡೋ ಅಂಗಡಿಯವನು ಆ ನಾಣ್ಯ ತಗೊಳ್ಳಲ್ಲ. ಈ ನೋಟು ನಡೆಯುತ್ತೆ, ಆ ನಾಣ್ಯ ನಡೆಯಲ್ಲ ಅಂತೀವಲ್ಲ ಕನ್ನಡದಲ್ಲಿ, ಆ ನಡೆಯೋದು ಅನ್ನೋ ಮಾತಲ್ಲಿ ಇಡೀ ವಿಷಯ ಇದೆ. ಬಿಟ್‌ಕಾಯಿನಿಗೆ ಇಂಥ ರಕ್ಷಣೆ ಇನ್ನೂ ಎಲ್ಲಾ ಕಡೆ ಸಿಕ್ಕಿಲ್ಲ. ಅಮೆರಿಕದಲ್ಲಿ 2022ರಲ್ಲಿ ವ್ಯಾಪಾರ ಕಾನೂನಿನ ಮಾದರಿಗೆ ಒಂದು ಹೊಸ ಅಧ್ಯಾಯ ಸೇರಿಸಿ, ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರ ಕೈಯಿಂದ ಕಿತ್ಕೊಳ್ಳೋ ಹಾಗಿಲ್ಲ ಅನ್ನೋ ಥರದ ನಿಯಮ ಬರೆದಿದ್ದಾರೆ. ನನ್ನ ಅಭಿಪ್ರಾಯ ಕೇಳಿದ್ರೆ ಇಂಥ ನಿಯಮ ನಮ್ಮಲ್ಲೂ ಬರ್ಬೇಕು, ಕಳ್ಳನ ಹಿಂದೆ ಹೋಗಿ, ಆದ್ರೆ ಗೊತ್ತಿಲ್ಲದೆ ದುಡಿದು ತಗೊಂಡವರನ್ನ ಬಿಡಿ.

ಪ್ರಶ್ನೆ: ಹಂಗಾದ್ರ ಮಿಕ್ಸರ್‌ನ್ಯಾಗ ಹಾಕಿ ತಗದ್ರ ಕಾಯಿನ್ ಸ್ವಚ್ಛ ಆಗ್ತದೇನ್ರಿ? ಇನ್ನೊಂದು, ನಾನು ಪಿಟುಪಿ ಒಳಗ ಯುಎಸ್‌ಡಿಟಿ ಮಾರಿದ್ದೆ, ರೊಕ್ಕ ಬ್ಯಾಂಕಿಗೆ ಬಂತು, ಎಂಟು ದಿನಕ್ಕ ನನ್ನ ಅಕೌಂಟೇ ಫ್ರೀಜ್ ಆಗೇತ್ರಿ. ಬ್ಯಾಂಕ್‌ನ್ಯಾಗ ಕೇಳಿದ್ರ ಬ್ಯಾರೆ ರಾಜ್ಯದ ಸೈಬರ್ ಪೊಲೀಸರು ಹೇಳ್ಯಾರ ಅಂತಾರ. ನಾ ಏನ್ ತಪ್ಪು ಮಾಡೀನ್ರಿ?
(ಹುಬ್ಬಳ್ಳಿಯ ಓದುಗರು)

ಉತ್ತರ: ಮಿಕ್ಸರ್ ಸಹವಾಸ ಖಂಡಿತ ಬೇಡ ಸಾರ್. ತುಂಬಾ ಜನರ ಕಾಯಿನ್ ಒಟ್ಟಿಗೆ ಬೆರೆಸಿ ಯಾರದ್ದು ಯಾವುದು ಅಂತ ಗೊತ್ತಾಗದ ಹಾಗೆ ಮಾಡೋದು ಅದರ ಕೆಲಸ, ಆದ್ರೆ ಮಿಕ್ಸರಿಂದ ಹೊರಗೆ ಬಂದಿದ್ದು ಅನ್ನೋದೇ ಎಷ್ಟೋ ಎಕ್ಸ್‌ಚೇಂಜಿಗೆ ಕೆಂಪು ಗುರುತು. 2022ರ ಆಗಸ್ಟಲ್ಲಿ ಅಮೆರಿಕದ ಖಜಾನೆ ಇಲಾಖೆ ಟೊರ್ನಾಡೊ ಕ್ಯಾಶ್ ಅನ್ನೋ ಈಥರ್ (ಬಿಟ್‌ಕಾಯಿನ್ ಥರದ್ದೇ ಇನ್ನೊಂದು ಕ್ರಿಪ್ಟೋ) ಮಿಕ್ಸರನ್ನ ನಿಷೇಧಿತರ ಪಟ್ಟಿಗೆ ಹಾಕ್ತು. ತಕ್ಷಣ ಯಾರೋ ಒಬ್ಬರು ಅದರಿಂದ 0.1 ಈಥರ್ ತೆಗೆದು ಟಿವಿ ನಿರೂಪಕ ಜಿಮ್ಮಿ ಫಾಲನ್ ಥರದ ಹೆಸರುವಾಸಿ ಜನರ ಅಡ್ರೆಸ್ಸಿಗೆಲ್ಲಾ ಕಳಿಸಿಬಿಟ್ರು. ಅವರು ಕೇಳಿರ್ಲಿಲ್ಲ, ತಡೆಯೋಕೂ ಆಗ್ತಿರ್ಲಿಲ್ಲ, ಬರೋ ಕಾಯಿನನ್ನ ಬೇಡ ಅನ್ನೋಕೆ ವಾಲೆಟ್ಟಲ್ಲಿ ಬಾಗಿಲೇ ಇಲ್ಲ. ಕೊನೆಗೆ ಖಜಾನೆ ಇಲಾಖೆಯವರು ಕೋರ್ಟಲ್ಲಿ ಸೋತು 2025ರ ಮಾರ್ಚಲ್ಲಿ ಆ ಮಿಕ್ಸರನ್ನ ಪಟ್ಟಿಯಿಂದ ತೆಗೆದ್ರು. ಹಾಗಾದ್ರೆ ಎರಡೂವರೆ ವರ್ಷ ಆ ಈಥರ್ ಕೊಳೆಯಾಗಿತ್ತು, ಆವತ್ತಿಂದ ಶುದ್ಧ ಆಯ್ತಾ? ಇಂಥ ಗೊಂದಲವೇ ಬೇಡ ಅಂತ ಹುಟ್ಟಿದ್ದು ಮೊನೆರೊ ಅನ್ನೋ ಇನ್ನೊಂದು ಕ್ರಿಪ್ಟೋ, 2014ರಲ್ಲಿ ಬಂತು, ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಮುಚ್ಚಿಡುತ್ತೆ, ಚರಿತ್ರೆಯೇ ಕಾಣದಿದ್ರೆ ಒಂದು ಕಾಯಿನ್ ಇನ್ನೊಂದಕ್ಕಿಂತ ಕೆಟ್ಟದು ಅನ್ನೋಕಾಗಲ್ಲ. ಆದ್ರೆ ಅದೇ ಕಾರಣಕ್ಕೆ 2024ರ ಫೆಬ್ರವರಿಯಲ್ಲಿ ಬೈನಾನ್ಸ್ ಅನ್ನೋ ದೊಡ್ಡ ಎಕ್ಸ್‌ಚೇಂಜ್ ಅದನ್ನ ತನ್ನ ವ್ಯಾಪಾರದ ಪಟ್ಟಿಯಿಂದಲೇ ತೆಗೀತು. ಒಂದೊಂದು ಕಾಯಿನನ್ನ ತಡೆಯೋಕಾಗಲ್ಲ ಅಂತ ಇಡೀ ಕರೆನ್ಸಿಗೇ ಬಾಗಿಲು ಹಾಕಿದ್ರು.

ಈಗ ನಿಮ್ಮ ಅಕೌಂಟ್. ಪಿಟುಪಿ ಅಂದ್ರೆ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಮಾರೋದು, ಯುಎಸ್‌ಡಿಟಿ ಅಂದ್ರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಟೋಕನ್. ನೀವು ಏನೂ ತಪ್ಪು ಮಾಡದೇ ಇರ್ಬಹುದು, ಆದ್ರೆ ನಿಮ್ಮ ಯುಎಸ್‌ಡಿಟಿ ಕೊಂಡವನು ಕೊಟ್ಟ ರೂಪಾಯಿ ಬೇರೆ ಯಾರನ್ನೋ ಮೋಸ ಮಾಡಿ ಕಿತ್ತಿದ್ದು ಆಗಿರೋ ಸಾಧ್ಯತೆ ಜಾಸ್ತಿ. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ರೆ ದುಡ್ಡು ಯಾವ ಅಕೌಂಟಿಂದ ಯಾವ ಅಕೌಂಟಿಗೆ ಹೋಯ್ತು ಅಂತ ಜಾಡು ಹಿಡಿದು ಮುಂದಿನ ಅಕೌಂಟುಗಳಿಗೂ ತಡೆ ಹಾಕ್ತಾರೆ. ನೋಡಿ, ರೊಕ್ಕ ರೂಪಾಯಿನೇ ಆದ್ರೂ ನೋಟಿನ ರೂಪದಲ್ಲಿ ಬಂದಿದ್ರೆ ಯಾರೂ ಕೇಳ್ತಿರ್ಲಿಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಜಾಡು ಉಳಿಯುತ್ತೆ ಅಂತ ಅದೂ ಬಿಟ್‌ಕಾಯಿನ್ ಥರವೇ ಆಯ್ತು. ಬ್ರಾಂಚಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ದೂರಿನ ನಂಬರ್, ಯಾವ ಪೊಲೀಸ್ ಠಾಣೆ, ಎಷ್ಟು ಮೊತ್ತದ ತಗಾದೆ ಇದೆ ಅಂತ ತಿಳ್ಕೊಳ್ಳಿ. ತನಿಖಾಧಿಕಾರಿಗೆ ಪಿಟುಪಿ ಆರ್ಡರ್, ಚಾಟ್, ಕೊಂಡವನ ವಿವರ ಎಲ್ಲಾ ಕಳಿಸಿ, ತಗಾದೆ ಇರೋ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದು ಬಿಡಿ ಅಂತ ಕೇಳಿ. ಬಗೆಹರೀದೇ ಇದ್ರೆ ವಕೀಲರ ಮೂಲಕ ಕೋರ್ಟಿಗೆ ಹೋಗೋ ದಾರಿ ಇದೆ. ಮಾರೋವಾಗ ಆರ್ಡರಿನ ಹೆಸರೂ ದುಡ್ಡು ಕಳಿಸಿದ ಅಕೌಂಟಿನ ಹೆಸರೂ ಒಂದೇ ಇಲ್ಲಾಂದ್ರೆ ಕಾಯಿನ್ ಬಿಡ್ಲೇಬೇಡಿ.

ಯುಎಸ್‌ಡಿಟಿ ಅಂದ್ರೆ ಯಾವ ಜಾಡಿನ ತಲೆನೋವೂ ಇಲ್ಲ ಅಂತ ತಿಳ್ಕೊಂಡಿರೋರಿಗೆ ಇದನ್ನೂ ಹೇಳ್ತೀನಿ, ಅದನ್ನ ಹೊರಡಿಸೋ ಕಂಪನಿಗೆ ಯಾವುದೇ ಅಡ್ರೆಸ್ಸಲ್ಲಿರೋ ಟೋಕನನ್ನ ಅಲ್ಲೇ ಫ್ರೀಜ್ ಮಾಡೋ ಅಧಿಕಾರ ಕೋಡಲ್ಲೇ ಇದೆ, ಅದನ್ನ ಎಷ್ಟೋ ಸಲ ಬಳಸಿದ್ದಾರೆ ಕೂಡ.

ಪ್ರಶ್ನೆ: ಒಂದು ಸಟೋಶಿ ಕೋಟಿಗಟ್ಟಲೆ ರೂಪಾಯಿಗೆ ಹೋಯ್ತು ಅಂತ ಓದಿದೆ, ನಿಜಾನಾ?
(ಮಂಗಳೂರಿನ ಓದುಗರು)

ಉತ್ತರ: ನಿಜ. ಒಂದು ಬಿಟ್‌ಕಾಯಿನಿಗೆ 10 ಕೋಟಿ ಸಟೋಶಿ. 2023ರ ಜನವರಿಯಲ್ಲಿ ಕೇಸಿ ರೊಡಾರ್ಮರ್ ಅನ್ನೋರು ಆರ್ಡಿನಲ್ಸ್ ಅಂತ ಒಂದು ಪದ್ಧತಿ ತಂದ್ರು, ಹುಟ್ಟಿದ ಕ್ರಮದಲ್ಲಿ ಪ್ರತಿ ಸಟೋಶಿಗೂ ನಂಬರ್. 2024ರ ಏಪ್ರಿಲ್‌ನ ಹಾವಿಂಗ್ (ಪ್ರತಿ ಬ್ಲಾಕಿಗೆ ಹುಟ್ಟೋ ಹೊಸ ಕಾಯಿನ್ ಅರ್ಧಕ್ಕಿಳಿಯೋದು) ಆದ ಬ್ಲಾಕ್ 8,40,000ರ ಮೊದಲ ಸಟೋಶಿ 33.3 ಬಿಟ್‌ಕಾಯಿನಿಗೆ ಹರಾಜಾಯ್ತು, ಅಂದ್ರೆ 333 ಕೋಟಿ ಸಟೋಶಿ ಕೊಟ್ಟು ಒಂದು ಸಟೋಶಿ ಕೊಂಡ್ರು. ಬಿಟ್‌ಕಾಯಿನ್ ಸಾಫ್ಟ್‌ವೇರಿಗೆ ಈ ನಂಬರ್ ಗೊತ್ತೇ ಇಲ್ಲ. ತುಂಡು ಕರಗಿ ಹೊಸ ತುಂಡಾದಾಗ ಯಾವ ಸಟೋಶಿ ಎಲ್ಲಿ ಹೋಯ್ತು ಅನ್ನೋಕೆ ಮೇಲೆ ಹೇಳಿದ ಮೊದಲು ಬಂದಿದ್ದು ಮೊದಲು ಹೋಯ್ತು ಅನ್ನೋ ಲೆಕ್ಕವನ್ನೇ ಇವರೂ ಹಿಡಿದಿದ್ದಾರೆ. ಅದೇ ಲೆಕ್ಕ ಒಬ್ಬರ ಕಾಯಿನಿಗೆ ಕಳಂಕ ಹಚ್ಚುತ್ತೆ, ಇನ್ನೊಬ್ಬರ ಕಾಯಿನಿಗೆ ಕಿರೀಟ ಇಡುತ್ತೆ.

ಪ್ರಶ್ನೆ: ನಮ್ಮ ಇ-ರುಪಿ ಅಥವಾ ಡಿಜಿಟಲ್ ರೂಪಾಯಿಗೂ ಈ ಸಮಸ್ಯೆ ಬರುತ್ತಾ ಮೇಡಂ? ನನ್ನ ಮಗ ಬೆಂಗಳೂರಲ್ಲಿ ಬಳಸ್ತಾನೆ.
(ಶಿವಮೊಗ್ಗದ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಅವೆರಡೂ ಬೇರೆ ಬೇರೆ, ಹೆಸರು ಹತ್ತಿರ ಇರೋದ್ರಿಂದ ಎಲ್ಲರಿಗೂ ಗೊಂದಲ. ಇ-ರುಪಿ 2021ರ ಆಗಸ್ಟಲ್ಲಿ ಬಂದ ವೋಚರ್, ಇಂಥ ಚಿಕಿತ್ಸೆಗೆ, ಇಂಥ ಲಸಿಕೆಗೆ ಅಂತ ಗುರುತು ಹಾಕಿ ಕೊಡೋದು. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ ಜನಸಾಮಾನ್ಯರಿಗೆ ಪ್ರಯೋಗಾರ್ಥ ಬಂದಿದ್ದು 2022ರ ಡಿಸೆಂಬರ್ 1ಕ್ಕೆ, ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಇತ್ತು. ಅದನ್ನ ನೋಟು ನಾಣ್ಯದ ಮುಖಬೆಲೆಯಲ್ಲೇ ಟೋಕನ್ ಮಾಡಿ ಹೊರಡಿಸ್ತಾರೆ, ಬೆಲೆಯ ಮಟ್ಟಿಗೆ ಒಂದು ರೂಪಾಯಿ ಇನ್ನೊಂದು ರೂಪಾಯಿಗೆ ಸಮ, ಹಿಂದೆ ರಿಸರ್ವ್ ಬ್ಯಾಂಕಿನ ಭರವಸೆ ಇದೆ.

ನನಗೆ ಚಿಂತೆ ಇರೋದು ಇನ್ನೊಂದು ಕಡೆ. 2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ಪ್ರೋಗ್ರಾಮ್ ಮಾಡೋ ಗುಣ ಸೇರಿಸ್ತೀವಿ ಅಂತ ಹೇಳ್ತು, ಅಂದ್ರೆ ಈ ದುಡ್ಡು ಇಂಥದಕ್ಕೇ ಖರ್ಚಾಗ್ಬೇಕು, ಇಷ್ಟು ದಿನದೊಳಗೆ, ಇಂಥ ಊರಲ್ಲಿ ಅಂತ ಮೊದಲೇ ಕಟ್ಟುಪಾಡು ಹಾಕ್ಬಹುದು. ಸರ್ಕಾರಿ ಸಹಾಯಧನ ದಾರಿ ತಪ್ಪದೆ ರೈತರ ಗೊಬ್ಬರಕ್ಕೇ ಹೋಗ್ಲಿ ಅನ್ನೋ ಉದ್ದೇಶ ಒಳ್ಳೇದೇ. ಆದ್ರೆ ಗೊಬ್ಬರಕ್ಕೆ ಮಾತ್ರ ನಡೆಯೋ 500 ರೂಪಾಯಿಯನ್ನೂ ಯಾವುದಕ್ಕೆ ಬೇಕಾದ್ರೂ ನಡೆಯೋ 500 ರೂಪಾಯಿಯನ್ನೂ ನಿಮ್ಮ ಮುಂದಿಟ್ರೆ ನೀವು ಯಾವುದನ್ನ ಎತ್ಕೋತೀರಿ? ಎರಡನೆಯದನ್ನೇ ಅಲ್ವಾ. ಮೊದಲನೆಯದು ಕೈಯಲ್ಲಿದ್ದೋರು ಆಸ್ಪತ್ರೆ ಖರ್ಚು ಬಂದ್ರೆ ಅದನ್ನ 450ಕ್ಕೆ ಯಾರಿಗಾದ್ರೂ ದಾಟಿಸೋಕೆ ನೋಡ್ತಾರೆ, ರೇಷನ್ ಅಕ್ಕಿಗೆ ಆಗೋದೂ ಇದೇ. ಅದಕ್ಕೇ ಕಟ್ಟುಪಾಡು ಇರೋದನ್ನ ವೋಚರ್ ಅಂತಲೇ ಬೇರೆ ಹೆಸರಲ್ಲಿ, ಬೇರೆ ಬಣ್ಣದಲ್ಲಿ ಇಡ್ಲಿ, ರೂಪಾಯಿ ಅನ್ನೋ ಹೆಸರು ಎಲ್ಲಾ ಕಡೆ ನಡೆಯೋ ದುಡ್ಡಿಗೆ ಮಾತ್ರ ಉಳೀಲಿ ಅಂತ ನಾನು ಹೇಳೋದು. ನಿಮ್ಮ ಮಗನ ಆ್ಯಪಲ್ಲಿ ಸದ್ಯಕ್ಕೆ ಕಾಣ್ತಿರೋದು ಮಾಮೂಲಿ ರೂಪಾಯಿನೇ ಆಗಿರುತ್ತೆ, ಅಂಗಡಿಯ ಯುಪಿಐ ಕ್ಯೂಆರ್ ಕೋಡಿಗೂ ಅದರಿಂದ ದುಡ್ಡು ಕಳಿಸ್ಬಹುದು, ಗಾಬರಿ ಆಗೋದೇನಿಲ್ಲ. ಫೋನ್ ಬದಲಾಯಿಸೋವಾಗ ವಾಲೆಟ್ ರಿಕವರಿ ಹೆಂಗೆ ಅಂತ ಮಾತ್ರ ಅವರ ಬ್ಯಾಂಕಲ್ಲಿ ಮೊದಲೇ ಕೇಳಿಟ್ಕೊಳ್ಳೋಕೆ ಹೇಳಿ.